ನಾಲ್ಕು ಡಯೋಡ್ ಹಾಕಿದರೆ ಸಾಕು, ಬ್ರೇಕ್ ಮಾತ್ರ ಒತ್ತಬಾರದು

ಹಳೇ ವಿಲ್ಲಿಸ್ ಜೀಪು, ಹಿಂದೆ ಎರಡೇ ಕೆಂಪು ಲೈಟು. ಜೀಪಿನ ಬಾಡಿಯಲ್ಲಿ ಹೊಸ ತೂತು ಕೊರೆಯೋಕೆ ಮನಸ್ಸಿಲ್ಲ. ಬ್ರೇಕೂ ಇಂಡಿಕೇಟರೂ ಅದೇ ಬಲ್ಬಿನಲ್ಲಿ ಬರಬೇಕು. ನಾಲ್ಕು ಡಯೋಡ್ ಹಾಕಿದರೆ ಆಗುತ್ತೆ ಅಂತ ವಿಡಿಯೋ ಒಂದರಲ್ಲಿ ನೋಡಿದ್ದೀರಿ. ಇದೇ ಅಲ್ವಾ ನಿಮ್ಮ ಪ್ರಶ್ನೆ? ಓದಿ ನಗು ಬಂತು. ಆರು ವರ್ಷದ ಹಿಂದೆ ನಾನು ಮಾಡಿದ್ದೂ ಇದನ್ನೇ, ಅದೇ ನಾಲ್ಕು ಡಯೋಡ್. ನನ್ನ ಬಲಗೈ ಹೆಬ್ಬೆರಳು ಈಗಲೂ ಮಳೆಗಾಲ ಬಂದರೆ ನೋಯುತ್ತದೆ.

ನಮ್ಮದು ತೀರ್ಥಹಳ್ಳಿ ಕಡೆ ಅಡಿಕೆ ತೋಟ. ಜೀಪು ಸಿಜೆ-3ಬಿ, ಅದೇ ಬಾನೆಟ್ ಎತ್ತರ ಇರುವ ಮಾಡೆಲ್. ಹರಿಕೇನ್ ಎಂಜಿನ್ ಎತ್ತರ ಜಾಸ್ತಿ ಇತ್ತೆಂದು ವಿಲ್ಲಿಸ್‌ನವರು 1953ರಲ್ಲಿ ಬಾನೆಟ್ಟನ್ನೇ ಎತ್ತರಿಸಿಬಿಟ್ಟರು. ನಮ್ಮಲ್ಲಿ ಮಹೀಂದ್ರಾದವರು ಅದೇ ಆಕಾರವನ್ನು ಎಷ್ಟೋ ವರ್ಷ ಮುಂದುವರಿಸಿದರು. ಬೆಂಗಳೂರಿನವರಿಗೆ ಅದು ವಿಂಟೇಜ್ ಗಾಡಿ. ನಮಗೆ ಗೊಬ್ಬರ ಹೊರುವ ಗಾಡಿ.

ನನ್ನ ಕೈಗೆ ಬರುವಷ್ಟರಲ್ಲಿ ಯಾರೋ ಅದನ್ನು 12 ವೋಲ್ಟ್ ಮಾಡಿದ್ದರು. ವೈರುಗಳ ಬಣ್ಣಕ್ಕೆ ಅರ್ಥವೇ ಇರಲಿಲ್ಲ. ಅಂಬಾಸಿಡರ್ ಥರದ ಗಾಡಿಯಾದರೆ ಲೂಕಾಸ್ ಕಂಪನಿಯ ಬಣ್ಣದ ಲೆಕ್ಕ ಒಂದಿರುತ್ತದೆ: ಹಸಿರಿನ ಮೇಲೆ ಕೆಂಪು ಗೆರೆ ಎಡ ಇಂಡಿಕೇಟರ್, ಬಿಳಿ ಗೆರೆ ಬಲ, ನೇರಳೆ ಗೆರೆ ಬ್ರೇಕ್. ನಮ್ಮದರಲ್ಲಿ ಎಲ್ಲಾ ಕೆಂಪು. ಮನೆ ವೈರಿಂಗ್ ಮಾಡಿ ಉಳಿದ ಸುರುಳಿ ಒಂದನ್ನು ತಂದು ಎಳೆದಿದ್ದರು ಅನ್ಸುತ್ತೆ. ಇಂಡಿಕೇಟರಂತೂ ಇರಲೇ ಇಲ್ಲ. ತಿರುಗುವಾಗ ಅಪ್ಪಯ್ಯ ಕೈ ಹೊರಗೆ ಹಾಕುತ್ತಿದ್ದರು, ಅಷ್ಟೇ.

ಹಿಂದಿನ ಲೈಟಿಗೆ ಡಬಲ್ ಕಾಂಟ್ಯಾಕ್ಟ್ ಬಲ್ಬು. ಬುಡದಲ್ಲಿ ಎರಡು ಸೀಸದ ಚುಕ್ಕಿ, ಒಳಗೆ ಎರಡು ಫಿಲಮೆಂಟ್. ಒಂದು 5 ವ್ಯಾಟ್, ಪಾರ್ಕ್ ಲೈಟಿಗೆ. ಇನ್ನೊಂದು 21 ವ್ಯಾಟ್, ಬ್ರೇಕಿಗೆ. ಬದಿಯ ಎರಡು ಪಿನ್ನು ಒಂದೇ ಎತ್ತರದಲ್ಲಿ ಇರುವುದಿಲ್ಲ, ತಿರುವುಮುರುವು ಕೂರಬಾರದು ಅಂತ. ಕೂರಲಿಲ್ಲವೆಂದು ಒತ್ತಿ ತಿರುಗಿಸುವವರೂ ಇದ್ದಾರೆ. ಹಾಗೆ ಮಾಡಬೇಡಿ. 21 ವ್ಯಾಟ್ ಹೇಗೂ ಬ್ರೇಕಿಗೆ ಇದೆ, ಇಂಡಿಕೇಟರಿಗೂ ಅದೇ 21 ಬೇಕು, ಹಾಗಾದರೆ ಎರಡು ವೈರನ್ನೂ ಅದಕ್ಕೇ ಕೊಟ್ಟರಾಯಿತಲ್ಲ ಅಂತ ನಾನೂ ಅಂದುಕೊಂಡೆ.

ಕೊಟ್ಟೆ. ಮುಂದೆಯೂ ಎರಡು ಇಂಡಿಕೇಟರ್ ಕೂರಿಸಿದೆ. ಎಡ ಇಂಡಿಕೇಟರ್ ಹಾಕಿದರೆ ನಾಲ್ಕು ಮೂಲೆಯೂ ಮಿಣುಕತೊಡಗಿತು. ಬ್ರೇಕ್ ಒತ್ತಿದರೆ ಮುಂದಿನ ಇಂಡಿಕೇಟರೂ ಉರಿಯಿತು. ಕಾರಣ ಸುಲಭ. ಬ್ರೇಕ್ ವೈರು ಎಡಕ್ಕೂ ಬಲಕ್ಕೂ ಒಂದೇ. ಅದನ್ನು ಇಂಡಿಕೇಟರ್ ವೈರಿಗೆ ಸೇರಿಸಿದ ಕೂಡಲೇ ಎಡ ಬಲ ಎರಡೂ ಬ್ರೇಕಿನ ಗಂಟಿನಲ್ಲಿ ಒಂದಾದವು. ಎಡಕ್ಕೆ ಕೊಟ್ಟ ಕರೆಂಟು ಗಂಟಿನ ತನಕ ಹಿಂದಕ್ಕೆ ಹೋಗಿ ಬಲಕ್ಕೆ ಇಳಿಯುತ್ತದೆ.

ಇಲ್ಲಿಗೆ ಡಯೋಡ್ ಬಂತು. ಡಯೋಡ್ ಅಂದರೆ ಪಂಪ್‌ಸೆಟ್ಟಿನ ಎನ್‌ಆರ್‌ವಿ (ನಾನ್ ರಿಟರ್ನ್ ವಾಲ್ವು) ಇದ್ದ ಹಾಗೆ, ಮುಂದಕ್ಕೆ ಬಿಡುತ್ತದೆ, ಹಿಂದಕ್ಕೆ ಬಿಡುವುದಿಲ್ಲ. ಬ್ರೇಕಿನಿಂದ ಎರಡು ಬಲ್ಬಿಗೆ ಒಂದೊಂದು, ಇಂಡಿಕೇಟರಿನಿಂದ ಒಂದೊಂದು, ಒಟ್ಟು ನಾಲ್ಕು. ಬೆಂಗಳೂರಿಗೆ ಹೋದಾಗ ಎಸ್‌ಪಿ ರೋಡಿನಲ್ಲಿ 1ಎನ್4007 ಅನ್ನುವ ಡಯೋಡ್ ತಂದೆ. ಅದು ತಾಳುವುದು ಒಂದೇ ಆಂಪಿಯರ್. 21 ವ್ಯಾಟ್ ಬಲ್ಬು 12 ವೋಲ್ಟಿನಲ್ಲಿ ಒಂದೂಮುಕ್ಕಾಲು ಆಂಪಿಯರ್ ಎಳೆಯುತ್ತದೆ. ಹತ್ತು ನಿಮಿಷಕ್ಕೆ ಸುಟ್ಟ ವಾಸನೆ. ಮತ್ತೆ 6 ಆಂಪಿಯರಿನದು ತರಿಸಿ, ಬೆಸುಗೆ ಹಾಕಿ, ಟೇಪ್ ಸುತ್ತಿದೆ. ಕೆಲಸ ಚೆನ್ನಾಗಿಯೇ ಆಗಿತ್ತು, ಅದನ್ನು ಈಗಲೂ ಹೇಳುತ್ತೇನೆ.

ಸಂಜೆ ಕೊಟ್ಟಿಗೆಯಲ್ಲಿ ಟೆಸ್ಟ್. ಅಪ್ಪಯ್ಯ ಹಿಂದೆ ನಿಂತರು, ನಾನು ಸೀಟಿನಲ್ಲಿ.

"ಎಡ?"

"ಮಿಣುಕ್ತಾ ಇದೆ."

"ಬಲ?"

"ಹೂಂ, ಅದೂ."

"ಬ್ರೇಕು?"

"ಎರಡೂ ಉರೀತು. ಬಾ, ಕಾಫಿ ಆರ್ತದೆ."

ಮೂರಕ್ಕೆ ಮೂರೂ ಪಾಸು. ಬೇರೆ ಬೇರೆಯಾಗಿ ಮೂರು ಪ್ರಶ್ನೆ ಕೇಳಿದೆ. ಎರಡನ್ನು ಒಟ್ಟಿಗೆ ಕೇಳುವುದು ತಲೆಗೇ ಹೊಳೆಯಲಿಲ್ಲ. ಇದೇ ನಾನು ಮಾಡಿದ ತಪ್ಪು.

ಎರಡು ವಾರ ಕಳೆದಿರಬೇಕು. ಶಿವಮೊಗ್ಗದಿಂದ ವಾಪಸ್ ಬರುತ್ತಿದ್ದೆ. ಮಂಡಗದ್ದೆ ದಾಟಿದ ಮೇಲೆ ಬಲಕ್ಕೆ ಒಂದು ಮಣ್ಣು ರಸ್ತೆಗೆ ಇಳಿಯಬೇಕಿತ್ತು, ನೆಂಟರ ಮನೆಗೆ. ಬಲ ಇಂಡಿಕೇಟರ್ ಹಾಕಿದೆ. ಡ್ಯಾಶಿನ ಹಸಿರು ದೀಪ ಮಿಣುಕುತ್ತಿತ್ತು, ಕರೆಂಟನ್ನು ಬಿಟ್ಟು ಬಿಟ್ಟು ಕೊಡುವ ಫ್ಲಾಷರ್ ಟಿಕ್ ಟಿಕ್ ಅನ್ನುತ್ತಿತ್ತು. ಎದುರಿನಿಂದ ಬಸ್ಸು ಬರುತ್ತಿತ್ತೆಂದು ಬ್ರೇಕ್ ಒತ್ತಿಕೊಂಡೇ ನಿಧಾನ ಮಾಡಿದೆ. ಬಸ್ಸು ಹೋಯಿತು. ಬ್ರೇಕ್ ಮೇಲೆ ಕಾಲು ಹಾಗೇ ಇತ್ತು, ಸ್ಟೀರಿಂಗ್ ತಿರುಗಿಸಿದೆ. ಅದೇ ಹೊತ್ತಿಗೆ ಹಿಂದಿದ್ದ ಪಿಕಪ್ ಬಲಗಡೆಯಿಂದ ಓವರ್‌ಟೇಕ್ ಮಾಡಲು ಬಂದು ಮುಂದಿನ ಚಕ್ರಕ್ಕೆ ಗುದ್ದಿತು.

ಸ್ಟೀರಿಂಗ್ ಒದ್ದ ರಭಸಕ್ಕೆ ಅದರ ಕಡ್ಡಿ ನನ್ನ ಹೆಬ್ಬೆರಳಿಗೆ ಬಡಿಯಿತು. ಜೀಪ್ ಓಡಿಸುವವರು ಹೆಬ್ಬೆರಳನ್ನು ಸ್ಟೀರಿಂಗ್ ಒಳಗೆ ಸಿಕ್ಕಿಸಬಾರದು ಅಂತ ಅಪ್ಪಯ್ಯ ನೂರು ಸಲ ಹೇಳಿದ್ದರು. ಫೆಂಡರ್ ಮಡಚಿಹೋಯಿತು, ಟೈ ರಾಡ್ ಬಾಗಿತು. ಪಿಕಪ್ಪಿನ ಹುಡುಗನಿಗೆ ಏನೂ ಆಗಲಿಲ್ಲ, ಪುಣ್ಯ.

"ಇಂಡಿಕೇಟರ್ ಹಾಕ್ದೇ ತಿರುಗಿಸ್ತೀರಲ್ಲ ಸಾರ್!" ಅಂದ.

"ಹಾಕಿದ್ನಲ್ಲಪ್ಪ, ನೋಡು, ಇನ್ನೂ ಮಿಣುಕ್ತಾ ಇದೆ" ಅಂತ ಇಳಿದು ತೋರಿಸಿದೆ. ಮಿಣುಕುತ್ತಿತ್ತು! ಬ್ರೇಕಿನಿಂದ ಕಾಲು ತೆಗೆದಿದ್ದೆನಲ್ಲ. ಹುಡುಗನ ಮುಖ ಪೆಚ್ಚಾಯಿತು. ಅಲ್ಲಿ ಸೇರಿದ್ದವರೆಲ್ಲ ಅವನಿಗೇ ಬೈದರು. ಅವನು ತಪ್ಪಾಯ್ತು ಅಂತ ಒಪ್ಪಿಕೊಂಡು ಎರಡು ಸಾವಿರ ಕೊಟ್ಟುಹೋದ. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ.

ಮನೆಗೆ ಬಂದರೂ ಸಮಾಧಾನ ಆಗಲಿಲ್ಲ. ಆ ಹುಡುಗ ಸುಳ್ಳು ಹೇಳುವವನ ಥರ ಕಂಡಿರಲಿಲ್ಲ. ರಾತ್ರಿ ಮಗಳನ್ನು ಕರೆದು, ಪೆಡಲನ್ನು ಎರಡೂ ಕೈಯಲ್ಲಿ ಅದುಮಿ ಹಿಡಿಯಲು ಹೇಳಿದೆ. ಬಲ ಇಂಡಿಕೇಟರ್ ಹಾಕಿ ಹಿಂದೆ ಹೋಗಿ ನಿಂತೆ. ಎರಡೂ ಲೈಟು ಸುಮ್ನೆ ಉರಿಯುತ್ತಿದ್ದವು. ಮಿಣುಕೂ ಇಲ್ಲ, ಏನೂ ಇಲ್ಲ. ಮುಂದಿನದು ಮಾತ್ರ ಚೆಂದವಾಗಿ ಮಿಣುಕುತ್ತಿತ್ತು. "ಅಪ್ಪಾ, ಕೈ ನೋಯ್ತಿದೆ, ಬಿಡ್ಲಾ?" ಅಂದಳು. ಬಿಟ್ಟಳು. ತಕ್ಷಣ ಬಲಗಡೆಯದು ಮಿಣುಕತೊಡಗಿತು.

ಇದನ್ನು ಸ್ವಲ್ಪ ಎಳೆದು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಮಿಣುಕುವುದು ಅಂದರೆ ಉರಿಯುವುದಲ್ಲ, ನಡುನಡುವೆ ಆರುವುದು. ಬಲ್ಬು ಆರಿದರೆ ತಾನೇ ಮಿಣುಕು? ಇಂಡಿಕೇಟರ್ ತನ್ನ ಪಾಲಿನ ಕರೆಂಟನ್ನು ಕೊಡುತ್ತದೆ, ನಿಲ್ಲಿಸುತ್ತದೆ. ಆದರೆ ಅದು ನಿಲ್ಲಿಸಿದಾಗ ಬ್ರೇಕ್ ವೈರು ಅದೇ ಫಿಲಮೆಂಟಿಗೆ ಕರೆಂಟು ಕೊಡುತ್ತಲೇ ಇರುತ್ತದೆ. ಬಲ್ಬಿಗೆ ಆರಲು ಪುರುಸೊತ್ತೇ ಇಲ್ಲ. ಒಂದೇ ತೊಟ್ಟಿಗೆ ಎರಡು ಪೈಪಿನಿಂದ ನೀರು ಬಿಟ್ಟು, ಒಂದನ್ನು ಮಾತ್ರ ನಿಲ್ಲಿಸಿದರೆ ತೊಟ್ಟಿ ಖಾಲಿ ಆಗುತ್ತದೆಯೇ? ಎರಡು ಪೈಪಿಗೂ ಒಳ್ಳೇ ಎನ್‌ಆರ್‌ವಿ ಇದೆ ಎಂದರೆ ಏನು ಬಂತು? ಎನ್‌ಆರ್‌ವಿ ಹಿಂದಕ್ಕೆ ಹೋಗುವ ನೀರನ್ನು ತಡೆಯುತ್ತದೆ, ಮುಂದಕ್ಕೆ ಬರುವುದನ್ನಲ್ಲ. ಇಲ್ಲಿ ಬೇಕಿರುವುದು ಗೇಟ್ ವಾಲ್ವು. ಬಲಕ್ಕೆ ತಿರುಗುವಾಗ ಬಲಗಡೆ ಬಲ್ಬಿಗೆ ಬರುವ ಬ್ರೇಕಿನ ಕರೆಂಟನ್ನೇ ಕಡಿಯಬೇಕು. ಡಯೋಡ್ ಎಷ್ಟು ಹಾಕಿದರೂ ಆ ಕೆಲಸ ಮಾಡುವುದಿಲ್ಲ.

ಬ್ರೇಕ್ ಒತ್ತದೆ ತಿರುಗುವವರು ಯಾರಿದ್ದಾರೆ ಹೇಳಿ? ಇಂಡಿಕೇಟರ್ ಯಾವ ಹೊತ್ತಿಗೆ ಬೇಕೋ ಸರಿಯಾಗಿ ಅದೇ ಹೊತ್ತಿಗೆ ಇದು ಮಾಯ. ಹಿಂದಿನವನಿಗೆ ಕಾಣುವುದು ಬರೀ ಬ್ರೇಕ್ ಲೈಟು. ನಮ್ಮ ರಸ್ತೆಗಳಲ್ಲಿ ಅದರ ಅರ್ಥ "ನಿಧಾನ ಮಾಡಿದ್ದೀನಿ, ನೀನು ಮುಂದೆ ಹೋಗು". ಲಾರಿಯವರು ಬಲ ಇಂಡಿಕೇಟರ್ ಹಾಕಿ ಓವರ್‌ಟೇಕಿಗೆ ದಾರಿ ಬಿಡುವುದೂ ಉಂಟು, ಆ ರಾಮಾಯಣ ಈಗ ಬೇಡ. ಆ ಹುಡುಗ ಮಾಡಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಈಗ ಯಾರಾದರೂ ಬಂದು ರಿಲೇ ಹಾಕಿ ಅನ್ನುತ್ತಾರೆ, ಅಂದರೆ ಕರೆಂಟು ಕೊಟ್ಟರೆ ತಾನೇ ಆ ಕಡೆಯಿಂದ ಈ ಕಡೆಗೆ ಬದಲಾಗುವ ಸ್ವಿಚ್ಚು. ನನಗೂ ಅಂದಿದ್ದರು. ಐದು ಕಾಲಿನ ರಿಲೇ, 30 ನಂಬರಿನ ಕಾಲಿಗೆ ಬಲ್ಬು, 87ಎಗೆ ಬ್ರೇಕು, 87ಕ್ಕೆ ಇಂಡಿಕೇಟರು, ರಿಲೇಯನ್ನು ಎಳೆಯುವ ಕಾಯಿಲಿಗೂ ಇಂಡಿಕೇಟರ್ ವೈರೇ. ಕಾಗದದ ಮೇಲೆ ಚೆನ್ನಾಗಿದೆ. ಆದರೆ ಆ ವೈರಿನಲ್ಲಿ ಬರುವುದು ಬಿಟ್ಟು ಬಿಟ್ಟು ಬರುವ ಕರೆಂಟು. ಅದು ನಿಂತ ಕ್ಷಣಕ್ಕೆ ರಿಲೇ ವಾಪಸ್ ಬ್ರೇಕಿನ ಕಡೆಗೆ ಬೀಳುತ್ತದೆ. ಮತ್ತೆ ಅದೇ ಕಥೆ. ರಿಲೇ ಟಕ್ ಟಕ್ ಅನ್ನುತ್ತದೆ, ಬಲ್ಬು ಉರಿಯುತ್ತಲೇ ಇರುತ್ತದೆ.

ಹಾಗಾದರೆ ಅಮೆರಿಕದವರು ಹೇಗೆ ಮಾಡಿದರು? ಅಲ್ಲಿ ಇವತ್ತಿಗೂ ಹಿಂದೆ ಒಂದೇ ಕೆಂಪು ಲೈಟಿನಲ್ಲಿ ಎರಡನ್ನೂ ತೋರಿಸುವುದಕ್ಕೆ ಕಾನೂನಿನ ಅಡ್ಡಿ ಇಲ್ಲ. ಅವರ ಜಾಣತನ ಇರುವುದು ಸ್ವಿಚ್ಚಿನಲ್ಲಿ. ಅಲ್ಲಿ ಬ್ರೇಕ್ ವೈರು ನೇರ ಹಿಂದಕ್ಕೆ ಹೋಗುವುದಿಲ್ಲ, ಮೊದಲು ಇಂಡಿಕೇಟರ್ ಸ್ವಿಚ್ಚಿನ ಒಳಗೆ ಬರುತ್ತದೆ. ಸ್ವಿಚ್ಚು ನಡುವೆ ಇದ್ದರೆ ಎರಡು ಬಲ್ಬಿಗೂ ಬ್ರೇಕು. ಬಲಕ್ಕೆ ತಿರುಗಿಸಿದರೆ ಬಲ ಬಲ್ಬು ಬ್ರೇಕಿನಿಂದ ಕಳಚಿ ಫ್ಲಾಷರಿಗೆ ಸೇರುತ್ತದೆ, ಎಡದ್ದು ಬ್ರೇಕಿನಲ್ಲೇ ಉಳಿಯುತ್ತದೆ. ಹಳೇ ಜೀಪು, ಲಾರಿಗಳ ಸ್ಟೀರಿಂಗ್ ಕಂಬಕ್ಕೆ ಕ್ಲ್ಯಾಂಪ್ ಮಾಡುವ ಏಳು ವೈರಿನ ಸ್ವಿಚ್ಚು ಸಿಗುತ್ತದೆ, ಸಿಗ್ನಲ್-ಸ್ಟ್ಯಾಟ್ 900 ಅಂಥದ್ದು. ನಮ್ಮ ಅಂಗಡಿಗಳಲ್ಲಿ ಕೊಡುವ ಸಾದಾ ಸ್ವಿಚ್ಚಿಗೆ ಮೂರೇ ವೈರು: ಒಂದು ಫ್ಲಾಷರಿನಿಂದ, ಒಂದು ಎಡಕ್ಕೆ, ಒಂದು ಬಲಕ್ಕೆ. ಬ್ರೇಕಿಗೆ ಅದರಲ್ಲಿ ಜಾಗವೇ ಇಲ್ಲ. ಆ ಮೂರು ವೈರಿನ ಸ್ವಿಚ್ಚು ಇಟ್ಟುಕೊಂಡು ಒಂದೇ ಬಲ್ಬಿನಲ್ಲಿ ಎರಡು ಕೆಲಸ ಮಾಡಿಸುತ್ತೇನೆ ಎಂದು ಹೊರಟಿದ್ದೇ ನಮ್ಮಿಬ್ಬರ ಎಡವಟ್ಟು.

ಏಳು ವೈರಿನದು ತರಿಸಿಕೊಂಡರೆ ನಿಮ್ಮ ಪ್ರಶ್ನೆಗೆ ಉತ್ತರ ಸಿಕ್ಕಿತು. ಆದರೂ ತರಿಸಬೇಡಿ ಅನ್ನುತ್ತೇನೆ. ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆ ಇಲ್ಲ. ನಮ್ಮ ಮೋಟಾರು ವಾಹನ ನಿಯಮದ ಪ್ರಕಾರ ಇಂಡಿಕೇಟರ್ ಕಿತ್ತಳೆ ಬಣ್ಣದ್ದಿರಬೇಕು, ನಿಮಿಷಕ್ಕೆ 60ರಿಂದ 120 ಸಲ ಮಿಣುಕಬೇಕು. ಕಾನೂನು ಆಚೆಗಿರಲಿ, ಇಲ್ಲಿ ಕೆಂಪು ಮಿಣುಕಿದರೆ ಹಿಂದಿನವರಿಗೆ ಅರ್ಥವೇ ಆಗುವುದಿಲ್ಲ. ಬ್ರೇಕ್ ಲೈಟು ಲೂಸ್ ಕಾಂಟ್ಯಾಕ್ಟ್ ಅಂದುಕೊಳ್ಳುತ್ತಾರೆ.

ಮೂಲರೂಪ ಕೆಡುತ್ತದೆ ಅನ್ನುವ ಚಿಂತೆಯಾ? ಯುದ್ಧಕಾಲದ ಜೀಪಿಗೆ ಇಂಡಿಕೇಟರೇ ಇರಲಿಲ್ಲ. ಇಲ್ಲದಿದ್ದುದನ್ನು ಸೇರಿಸುವುದಕ್ಕೆ ಹೊರಟ ಮೇಲೆ ಕೆಂಪಾದರೇನು, ಕಿತ್ತಳೆಯಾದರೇನು? 2021ರ ವಿಂಟೇಜ್ ನೋಂದಣಿ ನಿಯಮ ಕೇಳುವುದು ಗಾಡಿಗೆ 50 ವರ್ಷ ದಾಟಿರಬೇಕು, ಚಾಸಿ, ಬಾಡಿ, ಎಂಜಿನ್ನಿನಲ್ಲಿ ದೊಡ್ಡ ಬದಲಾವಣೆ ಇರಬಾರದು ಅಂತ. ಬ್ರಾಕೆಟ್ಟಿಗೆ ಕೂರಿಸಿದ ಎರಡು ಲೈಟು ಅದರಲ್ಲಿ ಬರುವುದಿಲ್ಲ.

ನಾನು ಕೊನೆಗೆ ಮಾಡಿದ್ದು ಇಷ್ಟೇ. ಟ್ರ್ಯಾಕ್ಟರಿಗೆ ಹಾಕುವ ಕಿತ್ತಳೆ ಲೈಟು ಎರಡು ತಂದೆ. ಹಿಂದಿನ ಬಂಪರಿನ ಬೋಲ್ಟ್ ಬಿಚ್ಚಿ, ಅದೇ ಬೋಲ್ಟಿಗೆ ಎಲ್ ಆಕಾರದ ಪಟ್ಟಿ ಸಿಕ್ಕಿಸಿ ಬಿಗಿದೆ. ಹೊಸ ತೂತು ಒಂದೂ ಇಲ್ಲ. ಮುಂದಿನ ಇಂಡಿಕೇಟರ್ ವೈರನ್ನೇ ಹಿಂದಕ್ಕೆ ಎಳೆದೆ. ಬ್ರೇಕ್ ವೈರು ಮೊದಲು ಹೇಗಿತ್ತೋ ಹಾಗೇ ನೇರ. ಅದೇ ಮೂರು ವೈರಿನ ಸ್ವಿಚ್ಚು, ಅದೇ ಫ್ಲಾಷರು. ಅರ್ಧ ದಿನದ ಕೆಲಸ. ಎಲ್‌ಇಡಿ ಹಾಕುವುದಾದರೆ ಹಳೇ ಕಾಲದ ಬಿಸಿಯಾಗಿ ಮಿಣುಕುವ ಫ್ಲಾಷರ್ ನಡೆಯುವುದಿಲ್ಲ, ಅದಕ್ಕೆ ಬಲ್ಬಿನಷ್ಟು ಕರೆಂಟು ಹರಿಯಬೇಕು. ಎಲೆಕ್ಟ್ರಾನಿಕ್ ಫ್ಲಾಷರ್ ತಗೊಳ್ಳಿ.

ಅರ್ಥಿಗೆ ಜೀಪಿನ ಬಾಡಿಯನ್ನೇ ನಂಬಿ ಬಿಡಬೇಡಿ, ಪ್ರತಿ ಲೈಟಿನಿಂದ ಚಾಸಿಗೆ ಒಂದೊಂದು ಕಪ್ಪು ವೈರು ಎಳೆಯಿರಿ. ನಮ್ಮ ಕಡೆ ಮಳೆಗೆ ಎರಡು ವರ್ಷದಲ್ಲಿ ಹೋಲ್ಡರ್ ಬುಡ ತುಕ್ಕು ಹಿಡಿಯುತ್ತದೆ. ಆಮೇಲೆ ಬ್ರೇಕ್ ಒತ್ತಿದರೆ ಪಾರ್ಕ್ ಲೈಟು ಮಂಕಾಗಿ ಹೊತ್ತಿಕೊಳ್ಳುವ ಭೂತಚೇಷ್ಟೆ ಎಲ್ಲಾ ಶುರುವಾಗುತ್ತದೆ. ವೈರಿಂಗ್ ತಪ್ಪಿದೆ ಅಂತ ಎಲ್ಲಾ ಬಿಚ್ಚಿ ಹಾಕಬೇಡಿ, ಮೊದಲು ಅರ್ಥ್ ಉಜ್ಜಿ ನೋಡಿ.

ಜೀಪಿನ ಹಿಂಭಾಗದ ಫೋಟೋ ಒಂದು ಹಾಕಿ. ನಿಮ್ಮದರಲ್ಲಿ ಬಂಪರ್ ಬೋಲ್ಟ್ ಎಲ್ಲಿದೆ ನೋಡಿ ಪಟ್ಟಿಯ ಅಳತೆ ಹೇಳುತ್ತೇನೆ. ಡಯೋಡ್ ಆಗಲೇ ಹಾಕಿಬಿಟ್ಟಿದ್ದರೆ, ಇವತ್ತೇ ಪೆಡಲ್ ಮೇಲೆ ಯಾರನ್ನಾದರೂ ಕೂರಿಸಿ ಹಿಂದೆ ಹೋಗಿ ನಿಂತುಕೊಳ್ಳಿ.