ಸಾಗವಾನಿ ನೆಲಕ್ಕೆ ಯಾವ ವ್ಯಾಕ್ಯೂಮ್ ಕ್ಲೀನರ್?

ಪ್ರಶ್ನೆ: ಹೊಸದಾಗಿ ಕಟ್ಟಿಸಿದ ನಮ್ಮ ಮನೆಯಲ್ಲಿ ಅಡುಗೆಮನೆಗೂ ವರಾಂಡಕ್ಕೂ ಶಹಾಬಾದ್ ಪರ್ಸಿ ಹಾಕಿಸಿ, ಹಾಲ್ ಮತ್ತು ಒಂದು ಮಲಗುವ ಕೋಣೆಗೆ ಮಾತ್ರ ಸಾಗವಾನಿ ಹಲಗೆಯ ನೆಲ ಮಾಡಿಸಿದ್ದೇವೆ. ಪಕ್ಕದ ನಿವೇಶನದಲ್ಲಿ ಕಟ್ಟಡದ ಕೆಲಸ ನಡೆದಿರುವುದರಿಂದ ದಿನವೂ ಉಸುಕು, ಸಿಮೆಂಟಿನ ಧೂಳು ಒಳಗೆ ಬರುತ್ತವೆ. ಅತ್ತೆಯವರಿಗೆ ಉಬ್ಬಸವಿದೆ. ಹೆಚ್ಚು ವ್ಯಾಟ್ ಇದ್ದಷ್ಟೂ ಒಳ್ಳೆಯದು, 2000 ವ್ಯಾಟಿನದನ್ನೇ ಕೊಳ್ಳಿರಿ ಎಂದು ಅಂಗಡಿಯವರು ಹೇಳುತ್ತಾರೆ. ಏನು ನೋಡಿ ಆರಿಸಬೇಕು?
ಓದುಗರೊಬ್ಬರು, ಕಲಬುರಗಿ

ಉತ್ತರ: ವ್ಯಾಟ್ ಎಂಬುದು ಯಂತ್ರಕ್ಕೆ ಎಷ್ಟು ವಿದ್ಯುತ್ ಬೇಕು ಎಂಬುದರ ಲೆಕ್ಕವೇ ಹೊರತು ಅದು ಎಷ್ಟು ಧೂಳು ಹೀರುತ್ತದೆ ಎಂಬುದರ ಲೆಕ್ಕವಲ್ಲ. ಐರೋಪ್ಯ ಒಕ್ಕೂಟವು ಮನೆಬಳಕೆಯ ವ್ಯಾಕ್ಯೂಮ್ ಕ್ಲೀನರ್‌ಗಳಿಗೆ 2014ರಲ್ಲಿ 1600 ವ್ಯಾಟ್, 2017ರಲ್ಲಿ 900 ವ್ಯಾಟ್ ಎಂದು ಮಿತಿ ಹಾಕಿತು. ರತ್ನಗಂಬಳಿ ಹಾಸಿದ ಅಲ್ಲಿನ ಮನೆಗಳಿಗೆ ಸಾಲುವಷ್ಟು ಬಲ ನಿಮ್ಮ ನುಣುಪಾದ ಹಲಗೆಗೆ ಸಾಲದೆ ಹೋಗುವುದಿಲ್ಲ. ಗಂಬಳಿಯಲ್ಲಿ ಧೂಳು ಎಳೆಗಳೊಳಗೆ ಇಳಿದು ಕೂತಿರುತ್ತದೆ, ಮರದ ಮೇಲಾದರೆ ಅದು ಮೇಲ್ಮೈಯಲ್ಲಿಯೇ ಬಿದ್ದಿರುತ್ತದೆ. ಆದ್ದರಿಂದ ನೀವು ಮೊದಲು ನೋಡಬೇಕಾದದ್ದು ಮೋಟಾರನ್ನಲ್ಲ, ನೆಲಕ್ಕೆ ತಾಗುವ ಹೆಡ್ಡನ್ನು.

ಅಂಗಡಿಯಲ್ಲಿ ಆ ಹೆಡ್ಡನ್ನು ಬಿಚ್ಚಿಸಿ, ಮಗುಚಿ ನೋಡಿರಿ. ಒಳಗೆ ತಿರುಗುವ ರೋಲರಿನಲ್ಲಿ ಗಡಸು ನೈಲಾನ್ ಕೂದಲುಗಳಿದ್ದರೆ ಅದು ಗಂಬಳಿಗಾಗಿ ಮಾಡಿದ್ದು. ಗಟ್ಟಿ ನೆಲದ ಮೇಲೆ ಅದು ಉಸುಕನ್ನು ಹೀರುವುದಕ್ಕಿಂತ ಹೆಚ್ಚಾಗಿ ಹಿಂದಕ್ಕೆ ಸಿಡಿಸುತ್ತದೆ, ಸಿಡಿದ ಕಣಗಳು ಪಾಲಿಶಿನ ಮೇಲೆ ಉಜ್ಜಿ ಗೀರು ಮೂಡಿಸುತ್ತವೆ. ಉಸುಕಿನಲ್ಲಿರುವ ಸ್ಫಟಿಕದ ಕಣದ ಗಟ್ಟಿತನ ಮೋಸ್ ಮಾನಕದಲ್ಲಿ 7, ಅಂದರೆ ಸಾಮಾನ್ಯ ಚಾಕುವಿನ ಉಕ್ಕಿಗಿಂತಲೂ ಹೆಚ್ಚು. ಸಾಗವಾನಿಯಾಗಲಿ ಅದರ ಮೇಲಿನ ಲೇಪವಾಗಲಿ ಅದರ ಮುಂದೆ ತಾಳಲಾರವು. ನಿಮಗೆ ಬೇಕಾದದ್ದು ಮೆತ್ತನೆಯ ಬಟ್ಟೆಯಂಥ ರೋಲರ್, ಇಲ್ಲವೇ ರೋಲರೇ ಇಲ್ಲದೆ ಅಂಚಿಗೆ ಮೃದುವಾದ ಕೂದಲಿರುವ ಚಪ್ಪಟೆ ಹೆಡ್. ಗಾಲಿಗಳನ್ನೂ ಬೆರಳಿನಿಂದ ಒತ್ತಿ ನೋಡಿರಿ. ರಬ್ಬರಿನ ಗಾಲಿಯಾದರೆ ಸರಿ. ಗಟ್ಟಿ ಪ್ಲಾಸ್ಟಿಕ್ಕಿನದಾದರೆ ಅದರಲ್ಲಿ ಸಿಕ್ಕಿಕೊಂಡ ಒಂದೇ ಹರಳು ಯಂತ್ರದ ಭಾರಕ್ಕೆ ಹಾಲಿನ ಉದ್ದಕ್ಕೂ ಗೆರೆ ಎಳೆಯುತ್ತದೆ. ಸಾಧ್ಯವಾದರೆ ಅಂಗಡಿಯ ನೆಲದ ಮೇಲೆ ಒಂದು ಹಿಡಿ ರವೆಯನ್ನೂ ನಾಲ್ಕು ತೊಗರಿಕಾಳನ್ನೂ ಚೆಲ್ಲಿ ಯಂತ್ರವನ್ನು ಒಮ್ಮೆ ಆಡಿಸಲು ಕೇಳಿರಿ. ಕಾಳನ್ನು ನುಂಗದೆ ಮುಂದಕ್ಕೆ ನೂಕಿಕೊಂಡು ಹೋಗುವ, ರವೆಯನ್ನು ಹಿಂದೆ ಹರಡುವ ಯಂತ್ರ ಎಷ್ಟೇ ವ್ಯಾಟಿನದಾದರೂ ನಿಮ್ಮ ಮನೆಗೆ ಬೇಡ.

ಅತ್ತೆಯವರ ಉಬ್ಬಸದ ವಿಷಯವನ್ನು ನಾನು ಹೆಡ್ಡಿನಷ್ಟೇ ಗಂಭೀರವಾಗಿ ಎಣಿಸುತ್ತೇನೆ. ಸಿಮೆಂಟಿನ ಧೂಳು ಬಹಳ ಸಣ್ಣದು. ಸಾಧಾರಣ ಫಿಲ್ಟರಿನೊಳಗಿಂದ ಅದು ನುಸುಳಿ, ಯಂತ್ರದ ಹಿಂಬದಿಯ ಗಾಳಿಯೊಡನೆ ಕೋಣೆಯಲ್ಲೇ ಮತ್ತೆ ಹರಡುತ್ತದೆ. ಹೆಪಾ ಫಿಲ್ಟರ್ ಇರುವುದನ್ನೇ ಕೊಳ್ಳಿರಿ, 0.3 ಮೈಕ್ರಾನಿನ ಕಣಗಳಲ್ಲಿ ಶೇಕಡಾ 99.97ರಷ್ಟನ್ನು ತಡೆಯುವುದು ಆ ಹೆಸರಿನ ಅಮೆರಿಕನ್ ಮಾನದಂಡ. ಡಬ್ಬಿಯೇ ಇರುವ ಯಂತ್ರದಲ್ಲಿ ಧೂಳು ಚೆಲ್ಲುವಾಗ ಮೋಡದಂತೆ ಮೇಲೇಳುವುದರಿಂದ, ನಿಮ್ಮ ಮನೆಗೆ ಮುಚ್ಚಿ ಎಸೆಯಬಹುದಾದ ಚೀಲದ ಯಂತ್ರವೇ ಹೆಚ್ಚು ಹೊಂದುತ್ತದೆ. ಆದರೆ ಆ ಚೀಲಗಳು ಕಲಬುರಗಿಯಲ್ಲೇ ಸಿಗುತ್ತವೆಯೇ ಎಂಬುದನ್ನು ದುಡ್ಡು ಕೊಡುವ ಮೊದಲೇ ವಿಚಾರಿಸಿಕೊಳ್ಳಿರಿ. ಯಂತ್ರ ಆಡುವಾಗಲೂ ಚೀಲ ತೆಗೆಯುವಾಗಲೂ ಅತ್ತೆಯವರು ಬೇರೆ ಕೋಣೆಯಲ್ಲಿರಲಿ.

ಪರ್ಸಿಯೂ ಮರವೂ ಕೂಡಿರುವ ಮನೆಯಲ್ಲಿ ಸ್ವಚ್ಛಗೊಳಿಸುವ ಕ್ರಮವೂ ಮುಖ್ಯ. ಪರ್ಸಿಯ ಸಂದುಗಳಲ್ಲಿ ಉಸುಕು ನಿಂತಿರುತ್ತದೆ. ಅಲ್ಲಿ ಆಡಿಸಿದ ಹೆಡ್ಡನ್ನು ಹಾಗೆಯೇ ಹಾಲಿಗೆ ತಂದರೆ ಉಸುಕನ್ನು ನೀವೇ ತಂದಂತಾಗುತ್ತದೆ. ದಿನವೂ ಮರದ ನೆಲದಿಂದ ಆರಂಭಿಸಿ ವರಾಂಡದಲ್ಲಿ ಮುಗಿಸಿರಿ. ಇನ್ನೊಂದು ಮಾತು: ನಮ್ಮ ಭಾಗದ ಒಣ ಬೇಸಿಗೆಯಲ್ಲಿ ಹಲಗೆಗಳು ಕುಗ್ಗಿ ನಡುವೆ ಸಂದು ಬಿಡುತ್ತವೆ, ಮಳೆಗಾಲದ ತೇವಕ್ಕೆ ಮತ್ತೆ ಹಿಗ್ಗಿ ಕೂಡಿಕೊಳ್ಳುತ್ತವೆ. ಆ ಸಂದುಗಳಲ್ಲಿ ತುಂಬಿದ ಕಸವನ್ನು ಮೃಗಶಿರಾ ಮಳೆ ಹಿಡಿಯುವ ಮುನ್ನ ಯಂತ್ರದ ಕಿರಿದಾದ ಮೂತಿಯಿಂದ, ಹಲಗೆಯ ಉದ್ದಕ್ಕೇ ನಿಧಾನವಾಗಿ ಹೀರಿ ತೆಗೆಯಿರಿ. ಹಲಗೆ ಹಿಗ್ಗಿದ ಮೇಲೆ ಅದು ಅಲ್ಲಿಯೇ ಸಿಕ್ಕಿಕೊಳ್ಳುತ್ತದೆ.

ಪ್ರಶ್ನೆ: ನಮ್ಮ ಮನೆಯ ನೆಲ ಲ್ಯಾಮಿನೇಟ್ ಹಲಗೆಯದು. ಬೀದರಿನ ಕೆಂಪು ಮಣ್ಣು ಎಷ್ಟು ಗುಡಿಸಿದರೂ ಹೋಗದು. ನೀರು ಹಾಕಿ ತೊಳೆದು ಹೀರುವ ಯಂತ್ರವನ್ನೋ, ಬಿಸಿ ಹಬೆಯ ಯಂತ್ರವನ್ನೋ ಕೊಳ್ಳಬಹುದೇ?
ಓದುಗರೊಬ್ಬರು, ಬೀದರ್

ಉತ್ತರ: ಎರಡೂ ಬೇಡ. ಲ್ಯಾಮಿನೇಟ್ ಹಲಗೆಯ ಒಡಲು ಒತ್ತಿ ಮಾಡಿದ ಮರದ ನಾರು. ಜೋಡಣೆಯ ಸಂದಿನಿಂದ ನೀರು ಇಳಿದರೆ ಅಂಚು ಉಬ್ಬುತ್ತದೆ, ಉಬ್ಬಿದ್ದು ಒಣಗಿದ ಮೇಲೂ ಮೊದಲಿನಂತಾಗುವುದಿಲ್ಲ. ಹಬೆಯಂತೂ ನೀರಿಗಿಂತ ಬೇಗ ಒಳಸೇರುತ್ತದೆ. ಕೆಂಪು ಮಣ್ಣು ಒದ್ದೆಯಾದೊಡನೆ ಕೆಸರಾಗಿ ತೆಳುವಾಗಿ ಬಳಿದುಕೊಳ್ಳುವುದರಿಂದ, ಮೊದಲು ಒಣಗಿದ್ದಾಗಲೇ ಮೆತ್ತನೆಯ ಹೆಡ್ಡಿನಿಂದ ಪೂರ್ತಿ ಹೀರಿ, ಆಮೇಲೆ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಒರೆಸಿ, ಒಡನೆಯೇ ಒಣ ಬಟ್ಟೆ ಆಡಿಸಿರಿ. ಬಾಗಿಲ ಹೊರಗೊಂದು, ಒಳಗೊಂದು ಕಾಲೊರಸು ಹಾಕಿದರೆ ಯಂತ್ರದ ಕೆಲಸ ಬಹಳಷ್ಟು ಕಡಿಮೆಯಾಗುತ್ತದೆ.

ಪ್ರಶ್ನೆ: ಮರದ ನೆಲದ ಎರಡು ಕೋಣೆಗಳಿಗೆ ವೈರಿಲ್ಲದ, ಬ್ಯಾಟರಿಯ ಯಂತ್ರ ಸಾಕೇ? ನಮ್ಮಲ್ಲಿ ಬಿಸಿಲು ಹೆಚ್ಚು.
ಓದುಗರೊಬ್ಬರು, ಯಾದಗಿರಿ

ಉತ್ತರ: ಎರಡು ಕೋಣೆಗಳಿಗೆ ಸಾಕು, ಹಗುರವಾಗಿರುವುದರಿಂದ ಹಲಗೆಗೂ ಒಳ್ಳೆಯದು. ಪೆಟ್ಟಿಗೆಯ ಮೇಲೆ ಬರೆದ ನಿಮಿಷಗಳು ಸಾಮಾನ್ಯವಾಗಿ ಅತಿ ಕಡಿಮೆ ವೇಗದವು, ಪೂರ್ಣ ವೇಗದಲ್ಲಿ ಬ್ಯಾಟರಿ ಬಹು ಬೇಗ ಇಳಿಯುತ್ತದೆ. ನುಣುಪಾದ ನೆಲಕ್ಕೆ ಆ ವೇಗ ಬೇಕಾಗುವುದೂ ಅಪರೂಪ. ಲಿಥಿಯಂ ಬ್ಯಾಟರಿಯನ್ನು 45 ಡಿಗ್ರಿ ಸೆಲ್ಸಿಯಸ್ ಮೀರಿದ ಶಾಖದಲ್ಲಿ ಚಾರ್ಜ್ ಮಾಡಬಾರದು. ಆದ್ದರಿಂದ ಚಾರ್ಜರನ್ನು ಪಡುವಣ ಗೋಡೆಗೆ ಅಥವಾ ತಗಡಿನ ಛಾವಣಿಯ ಕೋಣೆಯಲ್ಲಿ ಹಾಕಿಸದೆ ಒಳಮನೆಯ ನೆರಳಿನಲ್ಲಿ ಹಾಕಿಸಿರಿ, ಬೇಸಿಗೆಯಲ್ಲಿ ಬೆಳಗಿನ ತಂಪಿನಲ್ಲಿಯೇ ಚಾರ್ಜ್ ಮಾಡಿರಿ. ಬ್ಯಾಟರಿಯನ್ನು ಬಿಚ್ಚಿ ಬದಲಿಸಲು ಬರುವ ಮಾದರಿಯನ್ನೇ ಆರಿಸಿಕೊಳ್ಳಿರಿ.