ತಳ ಹಸಿಯಾಗದ ಸೇಬಿನ ಟಾರ್ಟ್ಲೆಟ್: ಓದುಗರ ಪ್ರಶ್ನೆಗಳಿಗೆ ಉತ್ತರ

ಶರತ್ಕಾಲದ ಹಣ್ಣು ಮತ್ತು ಸಾಂಬಾರ ಪದಾರ್ಥ ಸೇರಿಸಿ ಓವನ್‌ನಲ್ಲಿ ಬೇಯಿಸುವ ಪುಟ್ಟ ಟಾರ್ಟ್‌ಗಳ, ಅಂದರೆ ಕಣಕದ ಬಟ್ಟಲಿನಲ್ಲಿ ಹೂರಣ ತುಂಬಿದ ಟಾರ್ಟ್ಲೆಟ್‌ಗಳ ಬಗ್ಗೆ ಊರಿನಿಂದಲೂ ಹೊರದೇಶಗಳಿಂದಲೂ ಪ್ರಶ್ನೆಗಳು ಬಂದಿವೆ. ಅವುಗಳಲ್ಲಿ ಐದನ್ನು ಆರಿಸಿಕೊಂಡಿದ್ದೇನೆ. ಮೊದಲನೆಯದರ ಉತ್ತರದಲ್ಲಿ ಉಳಿದವರಿಗೂ ಬೇಕಾದ ಅಳತೆಗಳಿರುವುದರಿಂದ ಅದನ್ನು ವಿಸ್ತಾರವಾಗಿ ಬರೆದಿದ್ದೇನೆ.

ಪ್ರಶ್ನೆ: ನಾವು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ವಾಸವಾಗಿದ್ದೇವೆ. ಹಿತ್ತಿಲಲ್ಲಿ ಬ್ರಾಮ್ಲಿ ಸೇಬಿನ ಮರವಿದ್ದು, ಸೆಪ್ಟೆಂಬರ್ ಕೊನೆಯಿಂದ ಬುಟ್ಟಿಗಟ್ಟಲೆ ಹಣ್ಣು ಉದುರುತ್ತದೆ. ಚಕ್ಕೆ, ಲವಂಗ ಹಾಕಿ ಟಾರ್ಟ್ಲೆಟ್ ಮಾಡಿದರೆ ಅಂಚು ಗರಿಯಾಗುತ್ತದೆ, ತಳ ಮಾತ್ರ ಹಸಿಹಿಟ್ಟಿನಂತೆ ಉಳಿಯುತ್ತದೆ, ಹೂರಣವೂ ಗಂಜಿಯಾಗುತ್ತದೆ. ಎಲ್ಲಿ ತಪ್ಪುತ್ತಿದ್ದೇವೆ?

ಉತ್ತರ: ನಿಮ್ಮ ಹಿತ್ತಿಲಿನ ಮರಕ್ಕೆ ನಿಮ್ಮ ಜಿಲ್ಲೆಯೇ ತವರು. ನಾಟಿಂಗ್‌ಹ್ಯಾಮ್‌ಗೆ ಹತ್ತಿರದ ಸೌತ್‌ವೆಲ್ ಎಂಬ ಊರಿನಲ್ಲಿ 1809ರಲ್ಲಿ ಮೇರಿ ಆ್ಯನ್ ಬ್ರೇಲ್ಸ್‌ಫರ್ಡ್ ಎಂಬ ಹುಡುಗಿ ನೆಟ್ಟ ಬೀಜದಿಂದ ಮೊದಲ ಮರ ಬೆಳೆಯಿತು. ಆ ಮನೆಯನ್ನು ಮುಂದೆ ಕೊಂಡ ಮ್ಯಾಥ್ಯೂ ಬ್ರಾಮ್ಲಿ, 1856ರಲ್ಲಿ ಹೆನ್ರಿ ಮೆರಿವೆದರ್ ಎಂಬ ಸಸಿ ಬೆಳೆಗಾರ ಕಸಿಗೆ ಕಡ್ಡಿ ಕೇಳಿದಾಗ, ಹಣ್ಣಿಗೆ ತನ್ನ ಹೆಸರನ್ನೇ ಇಡಬೇಕೆಂಬ ಷರತ್ತಿನ ಮೇಲೆ ಕೊಟ್ಟ. ಇಂಗ್ಲೆಂಡಿನವರು ಸೇಬನ್ನು ತಿನ್ನುವ ಸೇಬು, ಅಡುಗೆಯ ಸೇಬು ಎಂದು ಬೇರೆ ಮಾಡುತ್ತಾರೆ. ಬ್ರಾಮ್ಲಿ ಅಡುಗೆಯ ಸೇಬು. ಅದರಲ್ಲಿ ಹುಳಿ ಹೆಚ್ಚು, ಬಿಸಿ ತಾಗಿದೊಡನೆ ಹೋಳು ಕರಗಿ ನೊರೆಯಂತಾಗುವುದು ಅದರ ಗುಣ. ಆದ್ದರಿಂದ ಹೂರಣ ಗಂಜಿಯಾದದ್ದು ನಿಮ್ಮ ತಪ್ಪಲ್ಲ. ಅರ್ಧ ಭಾಗ ಬ್ರಾಮ್ಲಿ, ಇನ್ನರ್ಧ ಕಾಕ್ಸ್ ಅಥವಾ ಬ್ರೇಬರ್ನ್‌ನಂತಹ ಗಟ್ಟಿ ಸೇಬು ಬಳಸಿ. ಬ್ರಾಮ್ಲಿ ಕರಗಿ ಹುಳಿಸಿಹಿಯ ಗೊಜ್ಜಾಗುತ್ತದೆ, ಮತ್ತೊಂದರ ಹೋಳುಗಳು ಅದರ ನಡುವೆ ಹಾಗೆಯೇ ಉಳಿದು ಹಲ್ಲಿಗೆ ಸಿಗುತ್ತವೆ.

ತಳ ಹಸಿಯಾಗಲು ಕಾರಣ ನೀರು. ಸೇಬಿನ ತೂಕದಲ್ಲಿ ನೂರಕ್ಕೆ ಸುಮಾರು 85 ಭಾಗ ನೀರೇ ಇರುತ್ತದೆ. ಹಸಿ ಹೋಳುಗಳನ್ನು ನೇರವಾಗಿ ಕಣಕದ ಮೇಲೆ ಹರಡಿದರೆ, ಕಣಕ ಗಟ್ಟಿಯಾಗುವ ಮೊದಲೇ ಆ ನೀರು ಇಳಿದು ಅದನ್ನು ನೆನೆಸುತ್ತದೆ. ಆಮೇಲೆ ಎಷ್ಟು ಹೊತ್ತು ಬೇಯಿಸಿದರೂ ಅಂಚು ಕರಕಲಾಗುತ್ತದೆಯೇ ಹೊರತು ತಳ ಗರಿಯಾಗುವುದಿಲ್ಲ. ಒಬ್ಬಟ್ಟಿಗೆ ಬೇಳೆಯ ಕಟ್ಟನ್ನು ಪೂರ್ತಿ ಬಸಿಯದೆ ಹೂರಣ ರುಬ್ಬಿದರೆ ಏನಾಗುತ್ತದೆಂದು ನಿಮಗೆ ಗೊತ್ತಿದೆ; ಇಲ್ಲಿಯೂ ಆಗುವುದು ಅದೇ. ಹಣ್ಣಿನ ನೀರನ್ನು ಒಲೆಯ ಮೇಲೆಯೇ ತೆಗೆದು, ಹೂರಣವನ್ನು ಪೂರ್ತಿ ಆರಿಸಿ ತುಂಬಬೇಕು. ಟಾರ್ಟ್ಲೆಟ್‌ನಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಒತ್ತಿ ಹೇಳುವ ವಿಷಯ ಇದೊಂದೇ.

ಹನ್ನೆರಡು ಪುಟ್ಟ ಟಾರ್ಟ್‌ಗಳಿಗೆ 500 ಗ್ರಾಂ ಸೇಬಿನ ಸಿಪ್ಪೆ, ಬೀಜದ ಭಾಗ ತೆಗೆದು ಕಡಲೆಕಾಳಿಗಿಂತ ತುಸು ದೊಡ್ಡದಾಗಿ ಹೆಚ್ಚಿ. ಉದುರಿದ ಹಣ್ಣಾದರೆ ಪೆಟ್ಟು ಬಿದ್ದ ಕಂದು ಭಾಗವನ್ನು ಕತ್ತರಿಸಿ ಬಿಡಿ. ಬೂಷ್ಟು ಕಂಡರೆ ಇಡೀ ಹಣ್ಣನ್ನೇ ಎಸೆಯಿರಿ. ಹೋಳುಗಳಿಗೆ 60 ಗ್ರಾಂ ಕಂದು ಸಕ್ಕರೆ ಬೆರೆಸಿ ಅರ್ಧ ಗಂಟೆ ಬಿಟ್ಟರೆ ಪಾತ್ರೆಯ ತಳದಲ್ಲಿ ರಸ ನಿಲ್ಲುತ್ತದೆ. ಆ ರಸವನ್ನು ಮಾತ್ರ ಅಗಲ ಬಾಣಲೆಗೆ ಬಸಿದು, 15 ಗ್ರಾಂ ಬೆಣ್ಣೆ ಹಾಕಿ ಜೇನಿನ ಹದಕ್ಕೆ ಕುದಿಸಿದ ಮೇಲೆ ಹೋಳು, 40 ಗ್ರಾಂ ಒಣದ್ರಾಕ್ಷಿ ಸೇರಿಸಿ ಐದಾರು ನಿಮಿಷ ಕೈಯಾಡಿಸಿ. ಬಾಣಲೆಯ ನಡುವೆ ಸೌಟು ಎಳೆದರೆ ತಳ ಕಾಣುವ ದಾರಿ ಮೂಡಿ, ಎರಡು ಕ್ಷಣ ನಿಂತು, ಆಮೇಲೆ ನಿಧಾನವಾಗಿ ಮುಚ್ಚಿಕೊಳ್ಳಬೇಕು. ಕೂಡಲೇ ಮುಚ್ಚಿಕೊಂಡರೆ ಇನ್ನೂ ನೀರಿದೆ ಎಂದೇ ಅರ್ಥ. ಸಾಂಬಾರದ ಪುಡಿಗಳನ್ನು ಒಲೆ ಆರಿಸುವ ಒಂದು ನಿಮಿಷ ಮೊದಲು ಹಾಕಿ: ಅರ್ಧ ಟೀ ಚಮಚ ಚಕ್ಕೆ, ಕಾಲು ಚಮಚ ಒಣಶುಂಠಿ, ಎರಡೇ ಎರಡು ಲವಂಗದ ಪುಡಿ, ಒಂದು ಚಿಟಿಕೆ ಜಾಯಿಕಾಯಿ. ಲವಂಗ ಮೂರಾದರೆ ಸೇಬು ಹಿಂದೆ ಸರಿದು ಲವಂಗವೇ ಮಾತಾಡುತ್ತದೆ.

ಕಣಕಕ್ಕೆ 200 ಗ್ರಾಂ ಮೈದಾ, 100 ಗ್ರಾಂ ತಣ್ಣನೆಯ ಬೆಣ್ಣೆ, 25 ಗ್ರಾಂ ಪುಡಿ ಸಕ್ಕರೆ, ಚಿಟಿಕೆ ಉಪ್ಪು, ಎರಡು ಮೂರು ದೊಡ್ಡ ಚಮಚ ಐಸ್ ನೀರು ಸಾಕು. ಒಬ್ಬಟ್ಟಿನ ಕಣಕವನ್ನು ನಾದಿ ನಾದಿ ಎಳೆಯುವಂತೆ ಮಾಡುತ್ತೇವೆ. ಇದು ಅದಕ್ಕೆ ತದ್ವಿರುದ್ಧ. ನಾದಿದಷ್ಟೂ ಹಿಟ್ಟಿನ ಅಂಟಾದ ಗ್ಲುಟೆನ್ ಬೆಳೆದು ಟಾರ್ಟ್ ಮುದುಡುತ್ತದೆ, ಚರ್ಮದಂತೆ ಗಟ್ಟಿಯಾಗುತ್ತದೆ. ಬೆರಳ ತುದಿಯಲ್ಲಿ ಬೆಣ್ಣೆಯನ್ನು ಹಿಟ್ಟಿಗೆ ತಿಕ್ಕಿ ರವೆಯಂತೆ ಮಾಡಿಕೊಳ್ಳಿ. ಕೋಡುಬಳೆಗೆ ಬಿಸಿ ಎಣ್ಣೆ ಹಾಕಿದ ಹಿಟ್ಟು ಮುಷ್ಟಿಯಲ್ಲಿ ನಿಲ್ಲುತ್ತದೆಯೇ ಎಂದು ನೋಡುತ್ತೇವಲ್ಲ, ಅದೇ ಪರೀಕ್ಷೆ ಇಲ್ಲಿಯೂ ನಡೆಯುತ್ತದೆ. ನಂತರ ನೀರು ಚಿಮುಕಿಸಿ ಒಟ್ಟುಗೂಡಿಸಿ, ಮುಚ್ಚಿ, ಅರ್ಧ ಗಂಟೆ ಫ್ರಿಜ್‌ನಲ್ಲಿಡಿ.

ಮೂರು ಮಿಲಿಮೀಟರ್ ದಪ್ಪಕ್ಕೆ ಲಟ್ಟಿಸಿ ಅಚ್ಚಿನ ಗುಳಿಗಳಲ್ಲಿ ಕೂರಿಸಿ, ಫೋರ್ಕ್‌ನಿಂದ ತಳ ಚುಚ್ಚಿ, ಮೇಲೆ ಬೇಕಿಂಗ್ ಕಾಗದದ ತುಂಡಿಟ್ಟು ಒಣ ಕಡಲೆಕಾಳು ತುಂಬಿ 190 ಡಿಗ್ರಿಯಲ್ಲಿ 12ರಿಂದ 15 ನಿಮಿಷ ಬೇಯಿಸಿ. ಕಾಳು ತೆಗೆದು, ತಳ ಒಣಗಿ ಮಂಕು ಬಣ್ಣಕ್ಕೆ ಬರುವವರೆಗೆ ಇನ್ನೈದು ನಿಮಿಷ ಬಿಡಿ. ಪ್ರತಿ ತಳಕ್ಕೂ ಅರ್ಧ ಚಮಚ ಚಿರೋಟಿ ರವೆ ಉದುರಿಸಿದರೆ ಉಳಿದ ರಸವನ್ನು ಅದು ಹೀರಿಕೊಳ್ಳುತ್ತದೆ, ಬಾಯಿಗೆ ಅದರ ಸುಳಿವೂ ಸಿಗುವುದಿಲ್ಲ. ಮೇಲೆ ಆರಿದ ಹೂರಣ ತುಂಬಿ, ಓವನ್‌ನಲ್ಲಿ ಮೊದಲೇ ಕಾಯಿಸಿದ ಲೋಹದ ತಟ್ಟೆಯ ಮೇಲೆ ಅಚ್ಚನ್ನಿಟ್ಟು ಮತ್ತೆ 15 ನಿಮಿಷ ಬೇಯಿಸಿ. ನಿಮ್ಮದು ಫ್ಯಾನ್ ಇರುವ ಓವನ್ ಆಗಿದ್ದರೆ 20 ಡಿಗ್ರಿ ಕಡಿಮೆ ಮಾಡಿ.

ಪ್ರಶ್ನೆ: ಮೈಸೂರಿನಲ್ಲಿ ಬ್ರಾಮ್ಲಿ ಸಿಗುವುದಿಲ್ಲ. ಇಲ್ಲಿಯ ಸೇಬಿನಿಂದ, ಚಿಕ್ಕ ಓಟಿಜಿಯಲ್ಲಿ (ಮೇಜಿನ ಮೇಲಿಡುವ ವಿದ್ಯುತ್ ಓವನ್) ಮಾಡಬಹುದೇ?

ಉತ್ತರ: ಖಂಡಿತ ಮಾಡಬಹುದು, ಆದರೆ ಕಾಲ ನೋಡಿ ಮಾಡಿ. ಹಿಮಾಚಲ, ಕಾಶ್ಮೀರಗಳ ಹೊಸ ಬೆಳೆ ಮಾರುಕಟ್ಟೆಗೆ ಬರುವ ಆಗಸ್ಟ್‌ನಿಂದ ಅಕ್ಟೋಬರ್‌ವರೆಗಿನ ದಿನಗಳಲ್ಲಿ ಸೇಬು ಗಟ್ಟಿಯಾಗಿ, ರಸಭರಿತವಾಗಿರುತ್ತದೆ. ತಿಂಗಳುಗಟ್ಟಲೆ ಶೀತಲಗೃಹದಲ್ಲಿದ್ದು ಬೇಸಿಗೆಗೆ ಬರುವ ಹಣ್ಣು ಕಚ್ಚಿದರೆ ಹಿಟ್ಟುಹಿಟ್ಟಾಗಿರುತ್ತದೆ. ನಮ್ಮಲ್ಲಿ ಹೆಚ್ಚಾಗಿ ಸಿಗುವ ಕೆಂಪು ಡೆಲಿಷಿಯಸ್ ಜಾತಿಯಲ್ಲಿ ಹುಳಿ ಕಡಿಮೆ. ಹುಳಿಯಿಲ್ಲದ ಹೂರಣಕ್ಕೆ ಎಷ್ಟು ಚಕ್ಕೆ ಹಾಕಿದರೂ ಸಪ್ಪೆಯೇ. 500 ಗ್ರಾಂ ಹಣ್ಣಿಗೆ ಒಂದು ದೊಡ್ಡ ಚಮಚ ನಿಂಬೆರಸ ಹಾಕಿ, ಸಕ್ಕರೆಯನ್ನು 40 ಗ್ರಾಂಗೆ ಇಳಿಸಿ. ಅದೇ ದಿನಗಳಲ್ಲಿ ಸಿಗುವ ಮರಸೇಬನ್ನೂ ಅರ್ಧಕ್ಕರ್ಧ ಸೇರಿಸಬಹುದು. ಓಟಿಜಿಯಲ್ಲಿ ಕೆಳಗಿನ ಅಂತಸ್ತನ್ನೇ ಬಳಸಿ, ಮೇಲಿನ ಕಂಬಿಗೆ ಹತ್ತಿರ ಇಡಬೇಡಿ. ಗುಂಡಿಯಲ್ಲಿ ತೋರಿಸುವ ಶಾಖಕ್ಕೂ ಒಳಗಿನ ಶಾಖಕ್ಕೂ ವ್ಯತ್ಯಾಸವಿರುವುದು ಸಾಮಾನ್ಯವಾದ್ದರಿಂದ, ಒಳಗೆ ನೇತುಹಾಕುವ ಚಿಕ್ಕ ಥರ್ಮಾಮೀಟರ್ ಕೊಂಡರೆ ಹಣ ವ್ಯರ್ಥವಾಗದು.

ಪ್ರಶ್ನೆ: ಶಿರಸಿಯ ನಮ್ಮ ಅಡಿಕೆ ತೋಟದಲ್ಲಿ ಜಾಯಿಕಾಯಿ ಇದೆ, ಮನೆಯಲ್ಲಿ ಜೋನಿ ಬೆಲ್ಲವಿದೆ. ಇವೆರಡನ್ನೂ ಟಾರ್ಟ್‌ಗೆ ಬಳಸಬಹುದೇ?

ಉತ್ತರ: ಇಷ್ಟು ಒಳ್ಳೆಯ ಜಾಯಿಕಾಯಿ ಕೈಯಳತೆಯಲ್ಲಿರುವುದು ನಿಮ್ಮ ಭಾಗ್ಯ. ಅಲ್ಲಾಡಿಸಿದರೆ ಚಿಪ್ಪಿನೊಳಗೆ ಬೀಜ ಸದ್ದು ಮಾಡುವಷ್ಟು ಒಣಗಿಸಿ, ಚಿಪ್ಪಿನಲ್ಲಿಯೇ ಇಟ್ಟುಕೊಂಡು, ಬೇಕಾದಾಗ ಮಾತ್ರ ಒಡೆದು ಸಣ್ಣ ತುರಿಮಣೆಯಲ್ಲಿ ತುರಿಯಿರಿ. ಪುಡಿ ಮಾಡಿಟ್ಟರೆ ಪರಿಮಳದ ಎಣ್ಣೆ ಬೇಗ ಹಾರಿಹೋಗುತ್ತದೆ. ಹನ್ನೆರಡು ಟಾರ್ಟ್‌ಗೆ ಒಂದು ಚಿಟಿಕೆ ಸಾಕು. ಜಾಯಿಕಾಯಿ ಹೆಚ್ಚಾದರೆ ಕಹಿಯಷ್ಟೇ ಅಲ್ಲ, ದೇಹಕ್ಕೂ ಒಳ್ಳೆಯದಲ್ಲ. ಜೋನಿ ಬೆಲ್ಲ ಶುಂಠಿಯೊಡನೆ ಬಹಳ ಚೆನ್ನಾಗಿ ಹೊಂದುತ್ತದೆ. ಅದರಲ್ಲಿಯೂ ನೀರಿರುವುದರಿಂದ ಹಣ್ಣಿನಿಂದ ಬಸಿದ ರಸದೊಡನೆ ಅದನ್ನು ಬಾಣಲೆಗೆ ಹಾಕಿ ಗಟ್ಟಿಯಾಗಿಸಿಕೊಳ್ಳಿ. ಕಣಕಕ್ಕೆ ಮಾತ್ರ ಸಕ್ಕರೆಯೇ ಇರಲಿ.

ಪ್ರಶ್ನೆ: ಬೆಣ್ಣೆಯ ಬದಲು ತುಪ್ಪ ಹಾಕಿದರೆ? (ಧಾರವಾಡದ ಓದುಗರು)

ಉತ್ತರ: ಹಾಕಬಹುದು. ಬೆಣ್ಣೆಯಲ್ಲಿ ನೂರಕ್ಕೆ ಸುಮಾರು 80 ಭಾಗ ಮಾತ್ರ ಜಿಡ್ಡು, ತುಪ್ಪದಲ್ಲಿ ಬಹುಪಾಲು ಜಿಡ್ಡೇ. ಆದ್ದರಿಂದ 100 ಗ್ರಾಂ ಬೆಣ್ಣೆಯ ಜಾಗಕ್ಕೆ 80 ಗ್ರಾಂ ತುಪ್ಪ ತೆಗೆದುಕೊಂಡು ಒಂದು ಚಮಚ ನೀರು ಹೆಚ್ಚಿಸಿ. ಫ್ರಿಜ್‌ನಲ್ಲಿ ಹೆಪ್ಪುಗಟ್ಟಿದ ತುಪ್ಪವೇ ಆಗಬೇಕು. ಟಾರ್ಟ್ ನಾನ್‌ಖಟಾಯಿಯಂತೆ ಬಾಯಲ್ಲಿ ಪುಡಿಯಾಗುತ್ತದೆ, ಅಚ್ಚಿನಿಂದ ಬಿಡಿಸುವಾಗ ಒಡೆಯುವ ಸಂಭವವೂ ಹೆಚ್ಚು. ನನಗೆ ಬೆಣ್ಣೆಯದೇ ಇಷ್ಟ.

ಪ್ರಶ್ನೆ: ಲೆಸ್ಟರ್‌ನಲ್ಲಿರುವ ನಾವು ಸಸ್ಯಾಹಾರಿಗಳು. ಅಕ್ಟೋಬರ್‌ನಿಂದಲೇ ಅಂಗಡಿಗಳಲ್ಲಿ ಕಾಣುವ ಮಿನ್ಸ್‌ಮೀಟ್ ಎಂಬ ಹಣ್ಣಿನ ಹೂರಣವನ್ನು ಈ ಟಾರ್ಟ್‌ಗಳಿಗೆ ಬಳಸಬಹುದೇ? ಹೆಸರಿನಲ್ಲಿ ಮೀಟ್ ಇರುವುದರಿಂದ ಸಂಶಯ.

ಉತ್ತರ: ನಿಮ್ಮ ಸಂಶಯ ಸರಿಯಾದದ್ದೇ. ಹಿಂದೆ ಈ ಹೂರಣದಲ್ಲಿ ಒಣಹಣ್ಣು, ಸಾಂಬಾರಗಳೊಡನೆ ನಿಜವಾಗಿಯೂ ಮಾಂಸವಿರುತ್ತಿತ್ತು. ಈಗ ಮಾಂಸ ಹಾಕುವುದು ಬಹುತೇಕ ನಿಂತಿದೆ, ಆದರೆ ಸೂಯೆಟ್ ಎಂಬ ಕೊಬ್ಬು ಉಳಿದುಕೊಂಡಿದೆ. ಸಂಪ್ರದಾಯದಂತೆ ಅದು ದನದ ಮೂತ್ರಪಿಂಡದ ಸುತ್ತಲಿನ ಕೊಬ್ಬು. ಸಸ್ಯಜನ್ಯ ಎಣ್ಣೆಯಿಂದ ಮಾಡಿದ ಸೂಯೆಟ್ ಇರುವ ಬಾಟಲಿಗಳೂ ಸಿಗುತ್ತವೆ. ಚೀಟಿಯ ಮೇಲೆ ವೆಜಿಟೇರಿಯನ್ ಎಂದು ಸ್ಪಷ್ಟವಾಗಿ ಬರೆದಿದ್ದರೆ ಮಾತ್ರ ಕೊಳ್ಳಿ. ಬ್ರಾಂದಿ ಸೇರಿಸುವ ರೂಢಿಯೂ ಇರುವುದರಿಂದ, ಮದ್ಯ ಬೇಡವಾದರೆ ಅದನ್ನೂ ನೋಡಿಕೊಳ್ಳಬೇಕು.

ಮನೆಯಲ್ಲೇ ಮಾಡುವುದಾದರೆ ಮೇಲೆ ಹೇಳಿದ ಸೇಬಿನ ಹೂರಣಕ್ಕೆ ಒಣದ್ರಾಕ್ಷಿಯನ್ನು 150 ಗ್ರಾಂಗೆ ಹೆಚ್ಚಿಸಿ, ಒಂದು ಕಿತ್ತಳೆಯ ಸಿಪ್ಪೆಯ ತುರಿ, ಅರ್ಧ ಕಿತ್ತಳೆಯ ರಸ, ಹುರಿದು ಕುಟ್ಟಿದ ಕೊತ್ತಂಬರಿ ಬೀಜ ಕಾಲು ಚಮಚ ಸೇರಿಸಿ. ಕೊತ್ತಂಬರಿಯೆಂದು ಹುಬ್ಬೇರಿಸಬೇಡಿ, ಅಲ್ಲಿಯ ಅಂಗಡಿಗಳಲ್ಲಿ ಮಿಕ್ಸ್ಡ್ ಸ್ಪೈಸ್ ಎಂದು ಮಾರುವ ಪುಡಿಯಲ್ಲಿಯೂ ಚಕ್ಕೆ, ಜಾಯಿಕಾಯಿಗಳ ಜೊತೆ ಅದು ಸಾಮಾನ್ಯವಾಗಿ ಇರುತ್ತದೆ. ಇದು ಬಾಟಲಿಯ ಮಿನ್ಸ್‌ಮೀಟ್‌ನಂತೆ ತಿಂಗಳುಗಟ್ಟಲೆ ಉಳಿಯುವುದಿಲ್ಲ. ಫ್ರಿಜ್‌ನಲ್ಲಿಟ್ಟು ವಾರದೊಳಗೆ ಮುಗಿಸಿ, ಇಲ್ಲವೇ ಒಂದೊಂದು ಸರದಿಗೆ ಬೇಕಾದಷ್ಟನ್ನು ಬೇರೆ ಬೇರೆ ಡಬ್ಬಿಗಳಲ್ಲಿ ತುಂಬಿ ಫ್ರೀಜರ್‌ಗೆ ಹಾಕಿ.