ಬಿಸಿಲು ವಿಪರೀತವಾದರೆ ಬಡ ದೇಶಗಳ ಜನರ ನೆಮ್ಮದಿ ಯಾಕೆ ಕುಗ್ಗುತ್ತದೆ? ಕೊಡಗಿನಲ್ಲೂ ಹಾಗೇನಾ?

ಹೌದು, ಇಲ್ಲೂ ಹಾಗೇ. ಸೆಕೆ ಮೊದಲು ಕೆಡಿಸುವುದು ನಿದ್ದೆಯನ್ನು. ಮಡಿಕೇರಿಯ ಹಂಚಿನ ಮನೆಯಲ್ಲಿ ಇದು ಅಷ್ಟಾಗಿ ಗೊತ್ತಾಗುವುದಿಲ್ಲ. ಏಪ್ರಿಲ್‌ನಲ್ಲಿ ಕುಶಾಲನಗರದ ಕಡೆ ಶೀಟ್ ಹೊದಿಸಿದ ಲೈನ್ ಮನೆಯಲ್ಲಿ, ಅಂದರೆ ತೋಟದ ಕಾರ್ಮಿಕರ ಸಾಲುಮನೆಯಲ್ಲಿ, ಮಲಗಿ ನೋಡಿ. ಹಗಲಿಡೀ ಇಳಿದ ಕಾವು ಗೋಡೆಯಲ್ಲೇ ಕೂತಿರುತ್ತದೆ. ಕರೆಂಟ್ ಹೋದರೆ ಫ್ಯಾನೂ ಇಲ್ಲ. ಬೆಳಿಗ್ಗೆ ಅದೇ ನಿದ್ದೆಗಣ್ಣಲ್ಲಿ ತೋಟದ ಕೆಲಸಕ್ಕೆ ಹೋಗಬೇಕು. ತಲೆ ಸುತ್ತಿತು ಅಂತ ಕೂತರೆ ದಿನಗೂಲಿ ಹೋಯ್ತು. ಆದಾಯ, ಆರೋಗ್ಯ ಎರಡಕ್ಕೂ ಪೆಟ್ಟು, ಸಿಟ್ಟೂ ಜಾಸ್ತಿ.

2030ರ ಹೊತ್ತಿಗೆ ಸೆಕೆಯಿಂದ ಜಗತ್ತಿನಲ್ಲಿ 8 ಕೋಟಿ ಪೂರ್ಣಾವಧಿ ಕೆಲಸಕ್ಕೆ ಸಮನಾದ ದುಡಿಮೆ ನಷ್ಟವಾಗಬಹುದು ಎಂದು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2019ರಲ್ಲಿ ಅಂದಾಜಿಸಿತ್ತು. ಹೆಚ್ಚಿನ ಹೊರೆ ಬಡ ದೇಶಗಳಿಗೇ.

ಕಾಫಿ ಬೆಳೆಗಾರರ ಚಿಂತೆ ಬೇರೆ. ಕಾಫಿ ಗಿಡ ಹೂ ಬಿಡಲು ಬೇಕಾದ ಬೇಸಿಗೆ ಮಳೆ, ಅಂದರೆ ಹೂಮಳೆ, ಕೈಕೊಟ್ಟರೆ ಸ್ಪ್ರಿಂಕ್ಲರ್ ಹಾಕಬೇಕು, ಡೀಸೆಲ್ ಸುಡಬೇಕು. ಅದೂ ಕೆರೆಯಲ್ಲಿ ನೀರಿದ್ದರೆ!